ಮಕ್ಕಳ ಬೊಜ್ಜು: ಕೃಷಿ ವಿಶ್ವವಿದ್ಯಾಲಯಕ್ಕೂ ಸೇರಿದ ಹೊಣೆ



ಬೀಜ, ಗೊಬ್ಬರ, ಕೀಟಗಳ ಮಾತು ಬಿಟ್ಟು ಕೃಷಿ ಪತ್ರಿಕೆಯಲ್ಲಿ ಮಕ್ಕಳ ಬೊಜ್ಜಿನ ಮಾತೇಕೆ ಎಂದು ನೀವು ಕೇಳಬಹುದು. ಅದು ವೈದ್ಯರ ಕೆಲಸವಲ್ಲವೇ ಎಂಬ ಪ್ರಶ್ನೆಯೂ ಸಹಜವೇ. ಆದರೆ ಹೊಲದಲ್ಲಿ ಬೆಳೆದದ್ದು ಕೊನೆಗೆ ಸೇರಬೇಕಾದುದು ತಟ್ಟೆಗೆ. ಆ ತಟ್ಟೆ ಕಲಬುರಗಿ ನಗರದಲ್ಲಿಯೂ ಕಮಲಾಪುರದಂಥ ಊರುಗಳಲ್ಲಿಯೂ ಬದಲಾಗುತ್ತಿರುವಾಗ ಕೃಷಿ ವಿಶ್ವವಿದ್ಯಾಲಯ ಸುಮ್ಮನಿರುವುದು ತರವಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಅಂಕಿ ಅಂಶಗಳನ್ನು ನೋಡೋಣ. 1990ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು ಸುಮಾರು 4 ಲಕ್ಷ ಇದ್ದರು. 2022ರ ಹೊತ್ತಿಗೆ ಅವರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷಕ್ಕೆ ಏರಿತೆಂದು 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ. ಇದರ ಮಗ್ಗುಲಲ್ಲೇ ಇನ್ನೊಂದು ಸಂಗತಿಯಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು.

"ನಮ್ಮ ಹಳ್ಳಿಯ ಮಕ್ಕಳೇ ಬಡಕಲಾಗಿವೆ, ಬೊಜ್ಜು ಪಟ್ಟಣದವರ ಕಾಯಿಲೆ" ಎನ್ನುವವರು ಇದನ್ನು ಗಮನಿಸಬೇಕು. ಗರ್ಭದಲ್ಲಿಯೂ ಎಳೆತನದಲ್ಲಿಯೂ ಪೌಷ್ಟಿಕ ಆಹಾರ ಸಾಲದೆ ಬೆಳೆದ ಮಗುವಿಗೆ ಮುಂದೆ ಸಕ್ಕರೆ, ಎಣ್ಣೆ, ಮೈದಾ ಹೆಚ್ಚಾಗಿ ಸಿಕ್ಕರೆ, ದೇಹವು ಮಾಂಸಖಂಡಕ್ಕಿಂತ ಕೊಬ್ಬನ್ನೇ ಬೇಗ ಕೂಡಿಸಿಕೊಳ್ಳುತ್ತದೆ. ಅಂಥವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಅಪಾಯ ಹೆಚ್ಚು. ಆದ್ದರಿಂದ ಬಡಕಲುತನ ಮತ್ತು ಬೊಜ್ಜು ಎರಡಕ್ಕೂ ಕೆಟ್ಟ ಆಹಾರವೇ ಮುಖ್ಯ ಕಾರಣ. ಮೈಕೈ ತುಂಬಿಕೊಂಡ ಮಗುವೆಲ್ಲ ಆರೋಗ್ಯವಾಗಿದೆ ಎಂದು ತಿಳಿಯುವುದು ಸರಿಯಲ್ಲ.

ನಮ್ಮ ಸೀಮೆಯ ಊಟ ಯಾವುದು? ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನ ಅಂಶವಿದ್ದರೆ ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ನಾರು ಮತ್ತು ಸಸಾರಜನಕ ಇರುವ ಊಟ ಹೊಟ್ಟೆಯನ್ನು ಬಹಳ ಹೊತ್ತು ತುಂಬಿಡುತ್ತದೆ. ಈಗ ಕಿರಾಣಿ ಅಂಗಡಿಯ ಮುಂದೆ ಜೋತುಬಿದ್ದ ಪೊಟ್ಟಣಗಳನ್ನು ನೋಡಿರಿ. 300 ಮಿಲಿಲೀಟರ್ ಸಿಹಿ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ, ಅಂದರೆ ಏಳೆಂಟು ಚಮಚೆ ಸಕ್ಕರೆ ಇರುತ್ತದೆ. ಕುಡಿದ ಅರ್ಧ ಗಂಟೆಗೆ ಮಗು ಮತ್ತೆ ಹಸಿವೆನ್ನುತ್ತದೆ.

ವಿಶ್ವವಿದ್ಯಾಲಯದ ಹೊಣೆಯ ಮಾತಿಗೆ ಬರೋಣ. 2009ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಶಿಕ್ಷಣ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕೆಲಸಗಳಿವೆ. ಅಮೆರಿಕದಲ್ಲಿ 1914ರಲ್ಲಿ ವಿಸ್ತರಣಾ ಸೇವೆಗೆಂದು ಕಾನೂನು ಮಾಡಿದಾಗ ಬೇಸಾಯದ ಜೊತೆಗೆ ಗೃಹ ವಿಜ್ಞಾನವನ್ನೂ ಸೇರಿಸಿದ್ದರು. ನಮ್ಮ ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ಗೃಹ ವಿಜ್ಞಾನಕ್ಕೆ ಸ್ಥಾನವಿದೆ. ಕಲಬುರಗಿಯ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್, ಜಿಆರ್‌ಜಿ-811ರಂಥ ತೊಗರಿ ತಳಿಗಳು ನಿಮ್ಮ ಹೊಲ ಸೇರಿವೆ. ಆ ಬೇಳೆ ನಿಮ್ಮ ಮಗುವಿನ ತಟ್ಟೆಯನ್ನೂ ಸೇರಿತೇ ಎಂದು ಕೇಳುವುದು ಕೂಡ ವಿಸ್ತರಣೆಯೇ.

ಹೀಗಾಗಿ ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸಗಳು ಕೆಲವಿವೆ. ಕ್ಷೇತ್ರೋತ್ಸವ, ಕೃಷಿ ಮೇಳಗಳಲ್ಲಿ ಬೆಳೆಯ ಜೊತೆಗೆ ಮಕ್ಕಳ ಊಟದ ತಟ್ಟೆಯನ್ನೂ ತೋರಿಸಬೇಕು. ಶಾಲೆಗಳಲ್ಲಿ ಕೈತೋಟ ಬೆಳೆಸಲು ಬೀಜ, ಸಲಹೆ ನೀಡಬೇಕು. ಮಹಿಳಾ ಸಂಘಗಳಿಗೆ ಜೋಳದ ತಿನಿಸುಗಳ ತರಬೇತಿ ಕೊಡುವಾಗ ಸಕ್ಕರೆ, ಎಣ್ಣೆಯ ಪ್ರಮಾಣದ ಬಗ್ಗೆ ಎಚ್ಚರ ಬೇಕು. ಜೋಳದ ಬಿಸ್ಕತ್ತು ಎಂದು ಹೆಸರಿಟ್ಟ ಮಾತ್ರಕ್ಕೆ ಅದರೊಳಗಿನ ಸಕ್ಕರೆ ಕಡಿಮೆಯಾಗುವುದಿಲ್ಲ.

ಕಮಲಾಪುರದ ಕೆಂಪು ಬಾಳೆಯನ್ನೇ ತೆಗೆದುಕೊಳ್ಳಿ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ತಳಿ ಕೊಯ್ಲಿಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಬೆಲೆ ಹೆಚ್ಚಾದ್ದರಿಂದ ಒಳ್ಳೆಯ ಹಣ್ಣು ಪೇಟೆಗೆ ಹೋಗುತ್ತದೆ, ಅದು ತಪ್ಪಲ್ಲ. ಆದರೆ ಗೊನೆಯ ತುದಿಯ ಚಿಪ್ಪುಗಳ ಸಣ್ಣ ಕಾಯಿಗಳಿಗೆ ಅಷ್ಟು ಬೆಲೆ ಬರದು. 2021ರ ಡಿಸೆಂಬರಿನಿಂದ ನಮ್ಮ ಭಾಗದ ಸರಕಾರಿ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆಯನ್ನೂ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನೂ ಕೊಡುವ ಏರ್ಪಾಡು ಬಂದಿತು. ಈ ಸಣ್ಣ ಹಣ್ಣುಗಳನ್ನು ಬೆಳೆಗಾರರ ಸಂಘದ ಮೂಲಕ ಹತ್ತಿರದ ಶಾಲೆಗಳಿಗೆ ಒದಗಿಸಲು ವಿಶ್ವವಿದ್ಯಾಲಯ ಮಧ್ಯೆ ನಿಂತು ನೆರವಾಗಬಹುದು.

ನೀವು ಮಾಡಬೇಕಾದುದೂ ಇದೆ. ಸುಗ್ಗಿಯಲ್ಲಿ ತೊಗರಿಯನ್ನೆಲ್ಲ ಮಾರಿ, ಮಳೆಗಾಲದಲ್ಲಿ ಅಂಗಡಿಯಿಂದ ಕಾಲು ಕಿಲೊ, ಅರ್ಧ ಕಿಲೊ ಬೇಳೆ ತರುವ ಮನೆಗಳು ಅನೇಕ. ಐದು ಜನರ ಮನೆಗೆ ತಲೆಗೆ ದಿನಕ್ಕೆ 50 ಗ್ರಾಂನಂತೆ ವರ್ಷಕ್ಕೆ ಸುಮಾರು 91 ಕಿಲೊ ಬೇಳೆ ಬೇಕು. ನೂರಕ್ಕೆ 70ರಂತೆ ಬೇಳೆ ಇಳುವರಿ ಹಿಡಿದರೆ ಇದಕ್ಕೆ 1 ಕ್ವಿಂಟಾಲ್ 30 ಕಿಲೊ ತೊಗರಿ ಸಾಕು. ಚೀಲಗಳು ಮಾರುಕಟ್ಟೆಗೆ ಹೋಗುವ ಮೊದಲೇ ಇಷ್ಟನ್ನು ಒಣಗಿಸಿ ಮನೆಗೆ ತೆಗೆದಿಡಿ. ಹಿತ್ತಿಲಲ್ಲಿ ಪುಂಡಿ, ಮೆಂತ್ಯೆ, ನುಗ್ಗೆ ಬೆಳೆಸಿ. ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಓಡಿಯಾಡಲಿ. ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರಿನೊಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ನಿಮ್ಮ ಶಾಲಾ ಸಮಿತಿಯ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿ. ಆದರೆ ದಪ್ಪಗಿರುವ ಮಗುವನ್ನು ಹಂಗಿಸುವುದಾಗಲಿ, ಉಪವಾಸ ಕೆಡಹುವುದಾಗಲಿ ಬೇಡ. ಬೆಳೆಯುವ ಮಗುವಿಗೆ ಊಟ ಬೇಕೇ ಬೇಕು. ತೂಕದ ಬಗ್ಗೆ ಸಂದೇಹವಿದ್ದರೆ ವೈದ್ಯರಿಗೆ ತೋರಿಸಿ.

ಇನ್ನು ಮುಂದೆ ನಮ್ಮ ವಿಸ್ತರಣಾ ಸಿಬ್ಬಂದಿ ನಿಮ್ಮೂರಿಗೆ ಬಂದಾಗ ಎಕರೆಗೆ ಎಷ್ಟು ಇಳುವರಿ ಬಂತೆಂದು ಕೇಳುವುದರ ಜೊತೆಗೆ, ಮನೆಗೆಂದು ಎಷ್ಟು ಉಳಿಸಿಕೊಂಡಿರಿ ಎಂದೂ ಕೇಳಲಿ. ಅವರು ಕೇಳದಿದ್ದರೆ ನೀವೇ ಆ ಮಾತು ಎತ್ತಿರಿ.