ಟೆಸ್ಟ್ ನಾರ್ಮಲ್, ತಲೆ ಮಾತ್ರ ಗಿರಗಿರ

ಮೊದಲ ಸಲ ಆಗಿದ್ದು ಆಫೀಸ್ ಮೀಟಿಂಗ್‌ನಲ್ಲಿ. ಯಾರೋ ಸ್ಕ್ರೀನ್ ಶೇರ್ ಮಾಡಿ ಕೋಡನ್ನು ಸರಸರ ಸ್ಕ್ರೋಲ್ ಮಾಡ್ತಿದ್ದರು. ಇದ್ದಕ್ಕಿದ್ದಂತೆ ನಾನು ಕೂತ ಕುರ್ಚಿ ತೆಪ್ಪದ ಹಾಗೆ ಓಲಾಡತೊಡಗಿತು. ವಾಂತಿ ಬರೋ ಹಾಗಾಯ್ತು, ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚಿತು. ತಲೆನೋವು ಮಾತ್ರ ಇರಲಿಲ್ಲ.

“ಪಿತ್ತ ಕಣೋ. ಹೊತ್ತಿಗೆ ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ” ಅಂದರು ಅಮ್ಮ. (ನಿದ್ದೆ ವಿಷಯದಲ್ಲಿ ಅವರು ಹೇಳಿದ್ದು ಸರಿ ಅಂತ ಆಮೇಲೆ ಗೊತ್ತಾಯ್ತು.) ಶುಂಠಿ ಕಷಾಯ, ನಿಂಬೆ ಪಾನಕ ಎಲ್ಲಾ ಆಯ್ತು. ನಾಲ್ಕನೇ ಸಲ ಬಂದಿದ್ದು ಬೈಕಲ್ಲಿ ಸಿಗ್ನಲ್‌ನಲ್ಲಿ ನಿಂತಿದ್ದಾಗ. ಬೈಕನ್ನು ಪಕ್ಕಕ್ಕೆ ಹಾಕಿ ಆಟೊ ಹತ್ತಿದೆ. ಮರುದಿನ ಇಎನ್‌ಟಿ ಡಾಕ್ಟರ ಮುಂದೆ ಕೂತಿದ್ದೆ.

ಬ್ಯಾಲೆನ್ಸ್ ಟೆಸ್ಟ್ ಅಂದ್ರೆ ಗೆರೆ ಮೇಲೆ ನಡೆಸ್ತಾರೆ ಅಂದುಕೊಂಡಿದ್ದೆ. ನಡೆಸಿದ್ದೂ ಹೌದು, ಕಣ್ಣು ಮುಚ್ಚಿಸಿ ನಿಲ್ಲಿಸಿದ್ದೂ ಹೌದು. ಆದರೆ ಹೆಚ್ಚು ಹೊತ್ತು ನೋಡಿದ್ದು ನನ್ನ ಕಣ್ಣನ್ನು. ಒಳಕಿವಿ ಕಳಿಸೋ ಸಿಗ್ನಲ್‌ಗೆ ತಕ್ಕ ಹಾಗೆ ಕಣ್ಣುಗುಡ್ಡೆ ಚಲಿಸುತ್ತಂತೆ. ಹಾಗಾಗಿ ಕ್ಯಾಮೆರಾ ಇರೋ ಕನ್ನಡಕ ಹಾಕಿಸಿ, ಕತ್ತು ಪಕ್ಕಕ್ಕೆ ತಿರುಗಿಸಿ ಸರ್ರನೆ ಹಿಂದಕ್ಕೆ ಮಲಗಿಸಿದರು. ಬಳಿಕ ಒಂದೊಂದೇ ಕಿವಿಗೆ ನೀರು: ಒಮ್ಮೆ 30 ಡಿಗ್ರಿ, ಒಮ್ಮೆ 44. ಮೈಬಿಸಿಗಿಂತ 7 ಕಡಿಮೆ, 7 ಜಾಸ್ತಿ. ಅಷ್ಟಕ್ಕೇ ರೂಮು ಬುಗುರಿಯಾಯ್ತು. “ತಿರುಗ್ತಾ ಇದೆಯಾ? ಒಳ್ಳೇದು, ತಿರುಗಬೇಕು” ಅಂದರು. ಎರಡೂ ಕಿವಿ ಸಮವಾಗಿ ತಿರುಗಿಸಿದ್ರೆ ಪಾಸ್!

ನಾನು ಪಾಸಾದೆ. ಎಲ್ಲಾ ನಾರ್ಮಲ್.

“ಸದ್ಯ, ಏನೂ ಇಲ್ವಲ್ಲ” ಅಂದರು ನಮ್ಮ ಲೀಡ್. ಆ ದನಿಯಲ್ಲಿ ‘ಹಾಗಾದ್ರೆ ಆ ರಜೆಗಳೆಲ್ಲ?’ ಅನ್ನೋದೂ ಇತ್ತು. ನಿಜ ಹೇಳಬೇಕಂದ್ರೆ ನನಗೇ ನನ್ನ ಮೇಲೆ ಅನುಮಾನ ಬಂತು.

ನ್ಯೂರಾಲಜಿಸ್ಟ್ ರಿಪೋರ್ಟ್ ಬದಿಗಿಟ್ಟು ಪ್ರಶ್ನೆ ಕೇಳಿದರು. ಎಷ್ಟು ಸಲ, ಎಷ್ಟು ಹೊತ್ತು? ಆಗ ಬೆಳಕು, ಸದ್ದು ಸಹಿಸೋಕಾಗ್ತಿತ್ತಾ? ಹಿಂದೆ ಅರೆತಲೆನೋವು? ಪಿಯುಸಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕತ್ತಲಲ್ಲಿ ಮಲಗ್ತಿದ್ದುದು ಆಗ ನೆನಪಾಯ್ತು. ತಲೆಸುತ್ತು ಬಂದಾಗಲೆಲ್ಲ ಬರೆದಿಡಿ ಅಂದರು. ಬರೆದೆ.

ವೆಸ್ಟಿಬ್ಯುಲರ್ ಮೈಗ್ರೇನ್ ಅಂತ ತೋರಿಸೋ ಟೆಸ್ಟೇ ಇಲ್ಲ. ಕನಿಷ್ಠ 5 ಸಲ ಬಂದಿರಬೇಕು, 5 ನಿಮಿಷದಿಂದ 72 ಗಂಟೆ ಇರಬೇಕು, ಮೈಗ್ರೇನ್ ಇತಿಹಾಸ ಇರಬೇಕು, ಅರ್ಧದಷ್ಟು ಸಲವಾದ್ರೂ ಜೊತೆಗೆ ಮೈಗ್ರೇನ್ ಲಕ್ಷಣ ಕಾಣಬೇಕು. ಟೆಸ್ಟ್ ಇರೋದು ಬೇರೆ ಕಾಯಿಲೆ ಅಲ್ಲ ಅಂತ ಖಚಿತ ಮಾಡಿಕೊಳ್ಳೋಕೆ. ಕೆಲವರಿಗೆ ಅದರಲ್ಲೂ ವ್ಯತ್ಯಾಸ ಕಾಣುತ್ತೆ. ಸುತ್ತು ಇಲ್ಲದ ದಿನ ಮಾಡಿದ್ರೆ ನನ್ನಂಥವರದ್ದು ನಾರ್ಮಲ್. ಟೆಸ್ಟಿಂಗ್‌ನಲ್ಲಿ ಸಿಗದ ಬಗ್ ಪ್ರೊಡಕ್ಷನ್‌ನಲ್ಲಿ ಇರಲ್ವಾ, ಹಾಗೆ. ಲಾಗ್ ನೋಡಿಯೇ ಹಿಡೀಬೇಕು. (ಸುತ್ತಿನ ಜೊತೆ ಮಾತು ತೊದಲಿದ್ರೆ, ಕೈಕಾಲು ಸೋತ್ರೆ ಬರೀತಾ ಕೂರಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ.)

ಆ ಪಟ್ಟಿ ಲೀಡ್‌ಗೆ ತೋರಿಸಿದೆ. 9 ಸಲ, ಅದರಲ್ಲಿ 6 ರಿಲೀಸ್ ವಾರದಲ್ಲೇ. ಸುಮ್ಮನೆ ಓದಿದರು. ಈಗ ಮೀಟಿಂಗ್‌ನಲ್ಲಿ “ಸ್ವಲ್ಪ ನಿಧಾನ ಸ್ಕ್ರೋಲ್ ಮಾಡ್ರಪ್ಪ” ಅನ್ನೋದು ಅವರೇ. ಬೈಕ್ ಕೀ ಮಾತ್ರ ಇನ್ನೂ ಅಮ್ಮನ ಹತ್ತಿರ ಇದೆ.