ಮಾಡದ ಸಾಲಕ್ಕೆ ಮಾನದ ಅಡಮಾನವೇ?

'ನಿಮ್ಮ ಮಗ ಸಾಲ ಕಟ್ಟಿಲ್ಲ. ಸಂಜೆಯೊಳಗೆ ಹಣ ಬಾರದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ, ನೆಂಟರಿಗೆಲ್ಲ ಸುದ್ದಿ ತಲುಪುತ್ತದೆ' ಎಂದು ಅಪರಿಚಿತ ಧ್ವನಿಯೊಂದು ಫೋನಿನಲ್ಲಿ ಗದರಿಸುತ್ತದೆ. ಮಗ ಗಲ್ಫ್‌ನಲ್ಲಿದ್ದಾನೆ, ಮಗಳ ಮದುವೆಯ ಮಾತುಕತೆ ನಡೆದಿದೆ. ಸಾಲ ನಿಜವೇ ಎಂದು ವಿಚಾರಿಸುವ ಮೊದಲೇ ತಾಯಿಯ ಬಳೆ ಗಿರವಿ ಅಂಗಡಿ ಸೇರುತ್ತದೆ. ನಮ್ಮ ಮರ್ಯಾದೆಯ ಭಯವೇ ಈ ವಂಚಕರ ಬಂಡವಾಳ.

ಸಾಲವನ್ನು ಮರಣಾನಂತರವೂ ಬೆಂಬಿಡದ ಹೊಣೆಯೆಂದು ನಂಬುವವರು ನಾವು. ಆದರೆ ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಆದೇಶಿಸಿರುವುದನ್ನು ಆಗ ಮರೆಯುವುದೇಕೆ? 'ಬರಹವೆಲ್ಲಿದೆ?' ಎಂದು ಕೇಳುವುದು ಉದ್ಧಟತನವಲ್ಲ. ಸಾಲ ಕೊಟ್ಟ ಸಂಸ್ಥೆ ಯಾವುದು, ಒಪ್ಪಂದದ ಪ್ರತಿ ಎಲ್ಲಿ ಎಂದು ಕೇಳಿ, ಫೋನ್ ಇಟ್ಟು, ಆ ಸಂಸ್ಥೆಯ ಶಾಖೆಯಲ್ಲೇ ವಿಚಾರಿಸಬೇಕು. ಕರೆ ಮಾಡಿದವನೇ ಕೊಟ್ಟ ಸಂಖ್ಯೆಯನ್ನು ನಂಬಬಾರದು. ನಮ್ಮ ಹೆಸರಿನಲ್ಲಿ ಯಾವ ಸಾಲವಿದೆಯೆಂದು ತೋರಿಸುವ ವರದಿಯನ್ನು ಸಿಬಿಲ್‌ನಂತಹ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡುತ್ತವೆ.

ಸಾಲ ತೀರಿಸಲಾಗದ ಮಾತ್ರಕ್ಕೆ ಯಾರನ್ನೂ ಪೊಲೀಸರು ಬಂಧಿಸುವುದಿಲ್ಲ. ಅದು ಸಿವಿಲ್ ವ್ಯಾಜ್ಯ. ವಸೂಲಿಗಾರರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು, ಬಂಧುಮಿತ್ರರನ್ನು ಪೀಡಿಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಆದೇಶಿಸಿದೆ. ನೈಜ ಸಾಲಗಾರನಿಗೂ ಇರುವ ಈ ರಕ್ಷಣೆ ಸಾಲವೇ ಮಾಡದವನಿಗೆ ಇಲ್ಲದಿರುತ್ತದೆಯೇ?

ಹಣ ಕಳುಹಿಸಿಯಾಗಿದ್ದರೆ ಮನೆಯವರಿಂದ ಮುಚ್ಚಿಡದೆ, ಸಂದೇಶಗಳನ್ನು ಅಳಿಸದೆ, ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.