ಎರಡು ದೀಪಕ್ಕೆ ಒಂದೇ ಫ್ಯೂಸೇ?

ಸ್ವಂತ ಕೈಯಿಂದ ಕಾರು ಕಟ್ಟುವವರ ಬಗ್ಗೆ ನಮಗೆ ಗೌರವವಿದೆ. 1996ರಲ್ಲಿ ರಾನ್ ಚಾಂಪಿಯನ್ನರ ಪುಸ್ತಕ ಬಂದ ಮೇಲೆ ಇಂಗ್ಲೆಂಡಿನಲ್ಲಿ ಎಷ್ಟೋ ಮಂದಿ ಹಳೆಯ ಫೋರ್ಡ್ ಎಸ್ಕಾರ್ಟಿನ ಬಿಡಿಭಾಗಗಳಿಂದ ಮನೆಯಲ್ಲೇ ಕಾರು ಕಟ್ಟಿದರು. ನಮ್ಮ ತಕರಾರು ಒಂದೇ. ಎಂಜಿನ್ನಿಗಾಗಿ ತಿಂಗಳುಗಟ್ಟಲೆ ಬೆವರು ಸುರಿಸುವವರು ಹೆಡ್‌ಲೈಟಿನ ತಂತಿಯ ವಿಷಯದಲ್ಲಿ ಜಿಪುಣರಾಗುವುದೇಕೆ?

‘ಎರಡು ದೀಪಕ್ಕೂ ಒಂದೇ ಫ್ಯೂಸು ಸಾಕು’ ಎನ್ನುವವರನ್ನು ಕೇಳುತ್ತೇವೆ: ರಾತ್ರಿ, ತಿರುವಿನಲ್ಲಿ, ಒಂದು ದೀಪದ ತಂತಿ ಸವೆದು ಚಾಸಿಗೆ ತಗುಲಿದರೆ ಗತಿಯೇನು? ಫ್ಯೂಸು ಹೋಗುತ್ತದೆ, ಎರಡು ಕಣ್ಣೂ ಒಟ್ಟಿಗೆ ಮುಚ್ಚುತ್ತವೆ. ಎಡಕ್ಕೊಂದು, ಬಲಕ್ಕೊಂದು ಫ್ಯೂಸಿದ್ದರೆ ಒಂದು ಕಣ್ಣಾದರೂ ಉಳಿದೀತು.

‘ಹಾಗಾದರೆ ದೊಡ್ಡ ಫ್ಯೂಸು ಹಾಕೋಣ’ ಎಂಬುದು ಇನ್ನೂ ದೊಡ್ಡ ತಪ್ಪು. ಫ್ಯೂಸು ಬಲ್ಬಿನ ಕಾವಲಿಗಲ್ಲ, ತಂತಿಯ ಕಾವಲಿಗೆ. ತಂತಿ ತಾಳುವುದಕ್ಕಿಂತ ಫ್ಯೂಸು ದೊಡ್ಡದಾದರೆ ಮೊದಲು ಉರಿಯುವುದು ತಂತಿಯೇ. ಬ್ಯಾಟರಿಯಿಂದ ಹೊರಡುವ ದಪ್ಪ ತಂತಿಗೆ ಅಲ್ಲೇ ಒಂದು ದೊಡ್ಡ ಫ್ಯೂಸಿರಲಿ. ರಿಲೇ ದಾಟಿದ ಮೇಲೆ ಪ್ರತಿ ಕವಲಿಗೂ ಒಂದು ಚಿಕ್ಕದಿರಲಿ.

ರಿಲೇ ದಂಡದ ಖರ್ಚಂತೆ! 60 ವ್ಯಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. ಅಷ್ಟನ್ನೂ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಸುತ್ತಿಸಿದರೆ ಸ್ವಿಚ್ಚು ಸುಡುತ್ತದೆ, ದೀಪ ಮಂಕಾಗುತ್ತದೆ. ವೋಲ್ಟೇಜು ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಹೈಬೀಮಿಗೊಂದು, ಲೋಬೀಮಿಗೊಂದು ರಿಲೇ ಇದ್ದರೆ ಸ್ವಿಚ್ಚಿಗೆ ಅರ್ಧ ಆಂಪಿಯರಿನ ಹೊರೆಯೂ ಇಲ್ಲ; ಒಂದು ರಿಲೇ ಕೆಟ್ಟರೆ ಇನ್ನೊಂದುಂಟು.

ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡಬಾರದು. ನಮ್ಮ ಹುಡುಗರು ಕಟ್ಟುವ ಗಾಡಿಗೂ ಇದೇ ಮಾತು.